ಟ್ಯಾಂಕಿಗೆ ಬೆನ್ನು ಮಾಡಿದ ಪಂಪು

ಮನೆಯಿಂದ,
ನವೆಂಬರ್ ೧೨, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ನಿಮ್ಮಪ್ಪನ ಹಾಗೆ ಪೈಪು ಕಂಡರೆ ಹಸಿವೆಯೇ ಮರೆತುಹೋಗುತ್ತದೋ? ಹೋದ ತಿಂಗಳ ಕೆಮ್ಮು ಬಿಟ್ಟಿತೇ? ಒದ್ದೆ ಸಾಕ್ಸಿನಲ್ಲಿ ಕೆಲಸಕ್ಕೆ ನಿಲ್ಲಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಆದರೆ ನಿನ್ನೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದು ಹೋಗಿ ನಿಮ್ಮಪ್ಪನನ್ನು ನೋಡಿಕೊಂಡು ಬಂದೆ. ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದಾರೆ, ಪುಟ ಮಾತ್ರ ತಿರುಗಿಲ್ಲ. ಫೋನು ಅವರ ಮಗ್ಗುಲಲ್ಲೇ ಇರುವುದರಿಂದ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಸೈಟಿಗೆ ಪೈಪು ತರುವ ಲಾರಿ ನಮ್ಮ ಬೀದಿಯಲ್ಲೇ ಹೋಗುತ್ತದಲ್ಲ, ಆ ಡ್ರೈವರಣ್ಣನ ಕೈಯಲ್ಲಿ ಕೊಡುತ್ತೇನೆ. "ಹಾರ್ನ್ ಹೊಡೀತೀನಮ್ಮಾ, ತುಂಬಾ ಹೊತ್ತು ಕಾಯೋಕಾಗಲ್ಲ" ಎಂದಿದ್ದಾನೆ.

ಸುತ್ತಿ ಬಳಸಿ ಹೇಳುವುದು ಬೇಡ. ನೀನು ಮನೆಗೆ ಬರಬೇಕು, ನೀನೂ ನಿಮ್ಮಪ್ಪನೂ ಮಾತಾಡಬೇಕು. ಬೇರೆ ಮನೆಗಳಲ್ಲಿ ಅಪ್ಪ ಮಕ್ಕಳು ಆಸ್ತಿಗೆ ಜಗಳವಾಡುತ್ತಾರೆ, ಮದುವೆಗೆ ಜಗಳವಾಡುತ್ತಾರೆ. ನನ್ನ ಹಣೆಬರಹ ನೋಡು, ನೀವಿಬ್ಬರೂ ಒಂದು ಪಂಪಿಗಾಗಿ ಮಾತು ಬಿಟ್ಟವರು! ನಿಮ್ಮಿಬ್ಬರ ನಡುವೆ ಸಂಸಾರ ಮಾಡಿ ಈ ಬಾಯ್ಲರ್ ವಿದ್ಯೆ ನನಗೂ ಬಾಯಿಪಾಠವಾಗಿದೆ. ನೆಲಮಾಳಿಗೆಯ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ಕೋಣೆ ಕೋಣೆಯ ರೇಡಿಯೇಟರಿಗೆ ತಳ್ಳಿ ಚಳಿಗೆ ಮನೆ ಬೆಚ್ಚಗಿಡುತ್ತದೆ, ಆರಿದ ನೀರು ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ. ಕಾದ ನೀರು ಹಿಗ್ಗುತ್ತದೆಂದು ಬಾಯ್ಲರಿನ ತಲೆಯ ಹತ್ತಿರ ಒಂದು ಕೆಂಪು ಟ್ಯಾಂಕು. ನಿಮ್ಮಪ್ಪ ಪಂಪನ್ನು ವಾಪಸು ಬರುವ ಪೈಪಿಗೆ ಕೂರಿಸುವವರು. ಆರಿದ ನೀರಿನಲ್ಲಿ ಪಂಪು ಹೆಚ್ಚು ಕಾಲ ಬಾಳುತ್ತದೆ ಎಂದು ಅವರ ಗುರುಗಳು ಹೇಳಿದ್ದರಂತೆ. ನೀನೋ, ಪಂಪು ಟ್ಯಾಂಕಿನ ಕಡೆಗೆ ತಳ್ಳಬಾರದು, ಟ್ಯಾಂಕಿಗೆ ಬೆನ್ನು ಮಾಡಿರಬೇಕು, ಇಲ್ಲದಿದ್ದರೆ ಮೇಲಿನ ಮಹಡಿಯಲ್ಲಿ ಒತ್ತಡ ಇಳಿದು ಗಾಳಿ ಸೇರುತ್ತದೆ ಎನ್ನುವವಳು. ಮನೆಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಗಿರಾಕಿಯ ಎದುರಿಗೇ "ಅಪ್ಪಾ, ಪಂಪು ತಪ್ಪು ಜಾಗದಲ್ಲಿದೆ" ಅಂದೆ. "ನಾನು ಪೈಪು ಹಿಡಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ" ಅಂದರು ಅವರು. ನೀನು ಸ್ಪ್ಯಾನರ್ ಕೆಳಗಿಟ್ಟು ಹೊರಟೇಬಿಟ್ಟೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಯಾರು ಹೇಳಿದರೋ, ಈ ಮನೆಯ ಸೀರೆ ಪೂರ್ತಿ ಅಪ್ಪನ ನೂಲಿನದ್ದು. ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು.

ನಮ್ಮ ಮನೆಯ ಪಂಪನ್ನೂ ಅವರು ಹಾಗೇ ಕೂರಿಸಿದ್ದಲ್ಲವೇ, ನೀನು ಹೋದ ಮೇಲೆ ಮಹಡಿಯ ನಿನ್ನ ಕೋಣೆಯ ರೇಡಿಯೇಟರ್ ಗೊಳಗೊಳ ಎನ್ನುವುದು ಜಾಸ್ತಿಯಾಯಿತು. ನಿಮ್ಮಪ್ಪ ದಿನಾ ಬೆಳಿಗ್ಗೆ ಗಾಳಿ ಬಿಡುವ ಚಿಕ್ಕ ಕೀಲಿ, ಹಿಡಿ ಮುರಿದ ಲೋಟ ಹಿಡಿದುಕೊಂಡು ಮೇಲೆ ಹೋಗುವುದು, ಉಸ್ಸೆಂದು ಗಾಳಿ ಬಿಡುವುದು, ಕೆಳಗೆ ಬಂದು ನಾನು ಕೇಳುವ ಮೊದಲೇ "ಏನಿಲ್ಲ, ಒಂಚೂರು ಗಾಳಿ, ಅಷ್ಟೇ" ಎನ್ನುವುದು. ಈಚೆಗೆ ಮೇಲೆ ಹೋದವರು ಬೇಗ ಬರುತ್ತಿರಲಿಲ್ಲ. ಒಂದು ದಿನ ನೋಡಿದರೆ ಅರ್ಧ ಮೆಟ್ಟಿಲಲ್ಲಿ ಕೂತಿದ್ದಾರೆ. "ಮಂಡಿ ಹಿಡ್ಕೊಂಡಿದೆ ಕಣೇ" ಅಂದರು. ಎಣ್ಣೆ ಬಿಸಿ ಮಾಡಿ ಉಜ್ಜಿದೆ.

ಹೋದ ಶನಿವಾರ ನಾನು ನಿನ್ನ ಚಿಕ್ಕಮ್ಮನ ಮನೆಗೆ ಹೋಗಿ ಮಾರನೆಯ ದಿನ ಬಂದರೆ ಮನೆಯೆಲ್ಲ ಚಳಿ ಕೊರೆಯುತ್ತಿದೆ, ನೆಲಮಾಳಿಗೆ ಒದ್ದೆ, ನಿಮ್ಮಪ್ಪ ಸ್ಟೂಲಿನ ಮೇಲೆ ಕೂತು ಬೆವರುತ್ತಿದ್ದಾರೆ. ಪಂಪು ಹಳೆಯ ಜಾಗದಲ್ಲಿಲ್ಲ! ನೀರೆಲ್ಲ ಇಳಿಸಿ, ಪೈಪು ಕತ್ತರಿಸಿ, ನೀನು ಹೇಳಿದಲ್ಲೇ, ಟ್ಯಾಂಕಿಗೆ ಬೆನ್ನು ಮಾಡಿ ಕೂರಿಸಿದ್ದಾರೆ. "ಇದಕ್ಕೂ ಅವಳು ಹೇಳಿದ್ದಕ್ಕೂ ಸಂಬಂಧ ಇಲ್ಲ" ಎಂದು ತಾವೇ ಶುರುಮಾಡಿದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ನೀರು ತುಂಬಿಸಿ ಬಾಯ್ಲರ್ ಹಚ್ಚಿದರು. ಒಂದು ಸದ್ದಿಲ್ಲ. ಮೇಲಿನ ರೇಡಿಯೇಟರ್ ತಲೆಯಿಂದ ಬುಡದವರೆಗೆ ಒಂದೇ ಬಿಸಿ. ನನ್ನ ಮಗಳು ಗೆದ್ದಳೆಂದು ನಾನು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕೆ.

ನಿನ್ನ ಹೊದಿಕೆ ಒಗೆದು ಅದೇ ರೇಡಿಯೇಟರಿನ ಮೇಲೆ ಒಣಗಲು ಹಾಕಿದ್ದೇನೆ. ನಿನ್ನ ಕೈ ಸುಡದಿರಲಿ, ಸೊಂಟ ಹಿಡಿಯದಿರಲಿ, ನೀನು ಜೋಡಿಸಿದ ಪೈಪು ಎಂದೂ ಸೋರದಿರಲಿ ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ. ಬರೆಯಬೇಕಾದದ್ದಕ್ಕೆ ಇಷ್ಟು ಹೊತ್ತು ಕೈ ಏಳಲಿಲ್ಲ. ನಿನ್ನೆ ಮಧ್ಯಾಹ್ನ ಮತ್ತೆ ಗೊಳಗೊಳ ಕೇಳಿಸಿತು. ಮೇಲೆ ಹೋಗಿ ರೇಡಿಯೇಟರಿಗೆ ಕಿವಿಯಿಟ್ಟೆ, ಅಲ್ಲಿಲ್ಲ. ಕೆಳಗೆ ಬಂದು, ಕುರ್ಚಿಯಲ್ಲೇ ನಿದ್ದೆ ಹೋಗಿದ್ದ ನಿಮ್ಮಪ್ಪನ ಬೆನ್ನಿಗೆ ಕಿವಿಯಿಟ್ಟೆ. ಸದ್ದು ಅಲ್ಲಿತ್ತು. ಇಷ್ಟು ದಿನ ಪೈಪಿನ ಗಲಾಟೆಯಲ್ಲಿ ನನಗದು ಕೇಳಿಸಿಯೇ ಇರಲಿಲ್ಲ. ಪಕ್ಕದ ಮನೆಯ ನರ್ಸಮ್ಮ ಬಂದು ನೋಡಿದರು. ಹೃದಯ ಸರಿಯಾಗಿ ರಕ್ತ ತಳ್ಳುತ್ತಿಲ್ಲ ಅನ್ನಿಸುತ್ತದೆ, ಎದೆಯಲ್ಲಿ ನೀರು ನಿಂತಿರಬೇಕು, ತಡಮಾಡಬೇಡಿ ಅಂದರು. ಅದು ಮಂಡಿ ನೋವಲ್ಲ ಮಗಳೇ. ಗಾಳಿ ಬಿಡಲು ದಿನಾ ಮೆಟ್ಟಿಲು ಹತ್ತಲು ಆಗದೆ ಪಂಪಿನ ಜಾಗ ಬದಲಾಯಿಸಿದ್ದಾರೆ, ನಾನು ನಿಂತು ನಕ್ಕೆ. ಆಸ್ಪತ್ರೆ ಎಂದರೆ "ಒಂಚೂರು ಗಾಳಿ, ಅಷ್ಟೇ" ಅನ್ನುತ್ತಾರೆ. ನನಗೆ ಭಯವಾಗುತ್ತಿದೆ. ಇದೇ ಲಾರಿ ಸಂಜೆ ವಾಪಸು ಬರುತ್ತದೆ, ನಿನಗೊಂದು ಸೀಟು ಹೇಳಿದ್ದೇನೆ. ನಿಮ್ಮಪ್ಪ ನನ್ನ ಮಾತು ಕೇಳುವುದಿಲ್ಲ, ನರ್ಸಮ್ಮನ ಮಾತೂ ಕೇಳುವುದಿಲ್ಲ. ಬಾಯಿಬಿಟ್ಟು ಒಪ್ಪದಿದ್ದರೂ, ಪಂಪಿನ ವಿಷಯದಲ್ಲಿ ಅವರು ಕೇಳಿದ್ದು ನಿನ್ನೊಬ್ಬಳ ಮಾತನ್ನೇ. ಬಾ.