ಈಶಾನ್ಯದ ಬೆಟ್ಟ ತಗ್ಗಿಸಿದವರಿಗೆ

ಶಾಲಿವಾಹನ ಶಕೆ ೨೧೭೧, ವಿರೋಧಿ ಸಂವತ್ಸರ, ಭಾದ್ರಪದ ಬಹುಳ ಚತುರ್ದಶಿ.

ತಿಮ್ಮರಾಯಪ್ಪನವರಿಗೆ, ನಿಮ್ಮ ಮಗಳು ಸುಮಿತ್ರಮ್ಮನವರ ಸಂತತಿಯಲ್ಲಿ ಒಂಬತ್ತನೆಯ ತಲೆಮಾರಿನವಳಾದ ಹೊಂಬಾಳಮ್ಮ ಬರೆಯುವುದು. ನಿಮ್ಮ ಕಾಲಕ್ಕಿಂತ ಇನ್ನೂರು ವರ್ಷ ಮುಂದಿನಿಂದ ಬರೆಯುತ್ತಿದ್ದರೂ, ನೀವಿನ್ನೂ ಬದುಕಿರುವಾಗಲೇ ಈ ಪತ್ರ ನಿಮ್ಮ ಕೈ ಸೇರುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಅದೊಂದಕ್ಕೆ ಮಾತ್ರ ನಾನು ಕ್ಷಮೆ ಕೇಳುತ್ತಿದ್ದೇನೆ. ತೀರ್ಥರೂಪ ಎಂದು ಮೊದಲಿಗೆ ಬರೆಯಲು ಕೈ ಬರಲಿಲ್ಲ. ನಾಳೆ ಹಿರಿಯರ ಹಬ್ಬ. ನಿಮಗೆ ಎಡೆ ಇಡಬೇಕೋ ಬೇಡವೋ ಎಂಬುದನ್ನು ಇವತ್ತೇ ತೀರ್ಮಾನಿಸಬೇಕಾಗಿದೆ.

ನಿಮ್ಮ ಕಾಲದಲ್ಲಿ ಊರಿನ ಈಶಾನ್ಯಕ್ಕೆ ಕೋಳಿಜುಟ್ಟಿನ ಬೆಟ್ಟವಿತ್ತು. ನೆತ್ತಿಯ ಮೇಲೆ ಸಾಲುಬಂಡೆಗಳಿದ್ದುದರಿಂದ ಆ ಹೆಸರು. ಹಿಂದೆ ಪಾಳೇಗಾರರು ಅಲ್ಲಿ ಕಾವಲು ಬುರುಜು ಕಟ್ಟಿಸಿದ್ದರು. ಅವರ ಕಾಲ ಮುಗಿದ ಮೇಲೆ ಬುರುಜಿನ ನೆರಳಲ್ಲಿ ಮೇಕೆಗಳು ಮಲಗಿದವು. ಇಳಿಜಾರಿನಲ್ಲಿ ಸೀತಾಫಲದ ಗಿಡಗಳು, ಬಂಡೆಯ ದೊಣೆಯಲ್ಲಿ ಬೇಸಿಗೆಯಲ್ಲೂ ನೀರು. ಮೇಲೆ ಬಿದ್ದ ಮಳೆ ಬಂಡೆಯಿಂದ ಜಾರಿ ಬುಡದ ಕೆರೆ ಸೇರುತ್ತಿತ್ತು. ಕೆರೆಯಿಂದ ಊರಿನ ಬಾವಿಗಳಿಗೆ ಒರತೆ. ಇಷ್ಟೆಲ್ಲ ನಿಮ್ಮ ಕಣ್ಣೆದುರಿಗೇ ಇತ್ತು. ನಿಮ್ಮ ಬಡಾವಣೆಯ ವಾಸ್ತು ಪಂಡಿತರಿಗೆ ಮಾತ್ರ ಅದು ಬರೀ ಭಾರವಾಗಿ ಕಂಡಿತು. ಈಶಾನ್ಯ ತಗ್ಗಿರಬೇಕು, ನೈಋತ್ಯ ಎತ್ತರವಿರಬೇಕು, ಈಶಾನ್ಯದಲ್ಲಿ ಭಾರವಿದ್ದರೆ ಗಂಡುಸಂತಾನ ಆಗುವುದಿಲ್ಲ ಎಂದರು. ಅಷ್ಟಕ್ಕೆ ಬೇರೆಯವರಾಗಿದ್ದರೆ ಮನೆಯ ಬಾಗಿಲು ತಿರುಗಿಸಿಕೊಳ್ಳುತ್ತಿದ್ದರು, ಅಡುಗೆಮನೆ ಸರಿಸಿಕೊಳ್ಳುತ್ತಿದ್ದರು. ಬಡಾವಣೆಯ ಸಂಘದ ಅಧ್ಯಕ್ಷರಾದ ನೀವು ಬೆಟ್ಟವನ್ನೇ ಸರಿಸಲು ಹೊರಟಿರಿ.

ಬೆಟ್ಟ ಒಡೆಯಲು ಸಂಘ ತೀರ್ಮಾನಿಸಿದ ಸಭೆಯ ವಿಡಿಯೊವನ್ನು ನಮ್ಮ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ತೋರಿಸುತ್ತಾರೆ. ಒಬ್ಬರ ಅಂಗಡಿ ಮುಚ್ಚಿದ್ದು, ಇನ್ನೊಬ್ಬರ ಮಗಳಿಗೆ ಗಂಡು ಕೂಡಿಬಾರದಿದ್ದದ್ದು, ಎಲ್ಲವನ್ನೂ ಬೆಟ್ಟದ ತಲೆಗೆ ಕಟ್ಟಿ ಜನ ಕೈ ಎತ್ತುತ್ತಾರೆ. ಹಿಂದಿನ ಸಾಲಿನಿಂದ ಸುಮಿತ್ರಮ್ಮ ಎದ್ದು ನಿಂತು, "ಅಪ್ಪಾ, ಬೆಟ್ಟ ಹೋದ್ರೆ ಕೆರೆಗೆ ನೀರೆಲ್ಲಿಂದ ಬರುತ್ತೆ?" ಎಂದು ಕೇಳುತ್ತಾರೆ. ನೀವು ನಗುತ್ತೀರಿ. "ನೀರಿಗೆ ನಲ್ಲಿ ಇದೆಯಲ್ಲಮ್ಮ. ನಾಳೆ ನಾನು ಸತ್ರೆ ಎಡೆ ಇಡೋಕೆ ಒಬ್ಬ ಮಗ ಬೇಡ್ವಾ?" ಸಭೆಯೂ ನಗುತ್ತದೆ, ಸುಮಿತ್ರಮ್ಮ ಕೂತುಬಿಡುತ್ತಾರೆ. ನಾನು ಶಾಲೆಯಲ್ಲಿ ಓದುವಾಗ, ಇಲ್ಲಿಗೆ ಬಂದ ಕೂಡಲೇ ತರಗತಿಯ ಮಕ್ಕಳೆಲ್ಲ ತಿರುಗಿ ನನ್ನ ಮುಖ ನೋಡುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಇವತ್ತಿಗೂ ಉರಿಯುತ್ತದೆ.

ಈಗಿನ ಊರು ಹೇಗಿದೆ ಕೇಳಿ. ಬೆಟ್ಟವಿದ್ದಲ್ಲಿ ದೊಡ್ಡ ಹೊಂಡವಿದೆ. ಕೆರೆಗೆ ಹೋಗಬೇಕಾದ ಮಳೆ ಅದರೊಳಗೆ ಬಿದ್ದು, ಸಿಡಿಮದ್ದು ಮಾಡಿದ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಒಡೆದ ಕಲ್ಲನ್ನು ನೀವು ನೈಋತ್ಯದಲ್ಲಿ ಗುಡ್ಡೆ ಹಾಕಿಸಿದಿರಿ. ಮುಂಗಾರಿನ ತಂಗಾಳಿ ಬರುತ್ತಿದ್ದ ದಿಕ್ಕೇ ಅದು. ಈಗ ಆ ರಾಶಿ ಹಗಲೆಲ್ಲ ಕಾದು ಸಂಜೆ ನಮ್ಮ ಮೇಲೆ ಬಿಸಿ ಕಾರುತ್ತದೆ. ಬಿಸಿಲೇರಿದ ಮೇಲೆ ಬಾಗಿಲು ಹಾಕಿಕೊಂಡು ಒಳಗಿರುವ ವೇಳೆಗೆ ನಾವು ಕದಹೊತ್ತು ಎನ್ನುತ್ತೇವೆ. ಮಾಳಿಗೆಯ ಮೇಲೆ ಹನಿಸೆರಗು ಹರಡುತ್ತೇವೆ, ಅಂದರೆ ಗಾಳಿಯ ತೇವ ಹಿಡಿಯುವ ಬಲೆಬಟ್ಟೆ. ಅದನ್ನು ಹಿಂಡಿದ ನೀರಿನಲ್ಲೇ ಅಡುಗೆ, ಅದರಲ್ಲೇ ಮಗುವಿನ ಮುಖ ತೊಳೆಯುವುದು. ನಿಮ್ಮ ನಲ್ಲಿಗಳು ಗೋಡೆಯಲ್ಲಿ ಇನ್ನೂ ಇವೆ, ನಾವು ಅವಕ್ಕೆ ಚೀಲ ನೇತುಹಾಕುತ್ತೇವೆ. ಶಾಸ್ತ್ರದ ಪ್ರಕಾರ ನೋಡಿದರೆ ಊರಿಗೆ ಈಗ ಒಂದು ದೋಷವೂ ಇಲ್ಲ. ನಿಮಗೆ ಮಗನೂ ಹುಟ್ಟುವುದಿಲ್ಲ, ಅದನ್ನೂ ಈಗಲೇ ತಿಳಿದುಕೊಳ್ಳಿ.

ಎಡೆ ಇಡಲೇಬೇಕೆಂದು ನನ್ನ ತಾಯಿ ಸಿದ್ದಮ್ಮ ಹಟ ಹಿಡಿದಿದ್ದಾರೆ. "ಸತ್ತೋರ ಮೇಲೆ ಹಗೆ ಸಾಧಿಸ್ಬಾರ್ದು ಕಣೆ, ಹಸ್ಕೊಂಡು ಬಾಗಿಲಿಗೆ ಬಂದಿರ್ತಾರೆ" ಎನ್ನುತ್ತಾರೆ. ಬರಲಿ ಎಂದೇ ನಾನು ಕಾಯುತ್ತಿದ್ದೇನೆ. ಬೆಟ್ಟ ಉಳಿಸಿ ಎಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಪತ್ರ ನಿಮಗೆ ಸಿಕ್ಕುವಾಗ ಬೆಟ್ಟದ ಕೊನೆಯ ಬಂಡೆಯೂ ಲಾರಿ ಹತ್ತಿ ಹೋಗಿರುತ್ತದೆ. ಆ ಹೊತ್ತು ನೋಡಿಯೇ ಕಳಿಸುತ್ತಿದ್ದೇನೆ. ಉಳಿದ ಆಯುಷ್ಯವನ್ನೆಲ್ಲ ನೀವು ಇದನ್ನು ತಿಳಿದುಕೊಂಡೇ ಬದುಕಬೇಕು.

ನಾಳೆ ಎಲೆ ಹಾಕಿ ಕಡುಬು, ಪಾಯಸ ಬಡಿಸಿ, ಒಂದೊಂದು ಲೋಟ ನೀರನ್ನೂ ಇಡುತ್ತೇನೆ. ಮೊದಲು ಸುಮಿತ್ರಮ್ಮನವರನ್ನು ಹೆಸರು ಹಿಡಿದು ಕರೆಯುತ್ತೇನೆ, ಆಮೇಲೆ ಅವರ ತಾಯಿಯನ್ನು, ಆಮೇಲೆ ಉಳಿದ ಹಿರಿಯರನ್ನೆಲ್ಲ. ನಿಮ್ಮನ್ನು ಕರೆಯುವುದಿಲ್ಲ. ಅವರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಂದೆ ಮಾಡಿ ನಾವು ಸ್ವಲ್ಪ ಹೊತ್ತು ಬಿಸಿಲಿನಲ್ಲಿ, ಅಂಗಳದಲ್ಲಿ ನಿಲ್ಲುವುದು ಪದ್ಧತಿ. ನೀವೂ ನಮ್ಮ ಪಕ್ಕದಲ್ಲೇ ನಿಂತಿರುತ್ತೀರಿ. ಬಾಗಿಲು ತೆರೆದ ಮೇಲೆ ನಾವು ಒಳಗೆ ಹೋಗುತ್ತೇವೆ. ನೀವು ಅಲ್ಲೇ ಇರಿ.