ಬೇಲಿಯಾಚೆಯ ಬಸುರಿಯರು

ಹೊಸ ಮುದಗಲ್ಲು, ಉತ್ತರ ಸಮುದ್ರದ ದಂಡೆ
ಇಸವಿ ಎರಡು ಸಾವಿರದ ನಾನೂರ ಹನ್ನೊಂದು, ಕನ್ನಡಿಮಳೆಯ ತಿಂಗಳು

ನಾಲ್ಕು ಶತಮಾನ ಹಿಂದಿರುವ ನಮ್ಮ ಹಿರಿಯರಿಗೆ ಅಮರವ್ವ ಮಾಡುವ ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವಳು ಬರೆದಿದ್ದಾಳೆ ಎಂದುಕೊಳ್ಳಬೇಡಿ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನೀವು ಕಾಣದ ವಸ್ತುಗಳಿಗೆ ನಾವು ಹೆಸರಿಡಬೇಕಾಯಿತು, ಕೇಳಿ ಇಡೋಣವೆಂದರೆ ನೀವು ಇರಲಿಲ್ಲ. ಹಿಂದಿನವರಿಗೆ ಹೀಗೆ ಬರೆಯುವುದನ್ನು ನಾವು ಹಿಂಬರಹ ಎನ್ನುತ್ತೇವೆ. ಮನೆಯಲ್ಲಿ ಹೆರಿಗೆಯಾಗುವಾಗ ಹಿರಿಯಳಾದವಳು ಒಂದು ಹಿಂಬರಹ ಬರೆದು, ಬರುವ ಕೂಸಿನ ಸುದ್ದಿಯನ್ನು ವಂಶದವರಿಗೆ ಮುಟ್ಟಿಸಬೇಕೆಂಬುದು ಇಲ್ಲಿನ ಪದ್ಧತಿ. ಎಲ್ಲರೂ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಆಗುವ ಮಾತಲ್ಲ. ಒಳಕೋಣೆಯಲ್ಲಿ ನನ್ನ ಮಗಳು ಹುಲಿಗೆವ್ವ ನೋವು ತಿನ್ನುತ್ತಿದ್ದಾಳೆ, ದಿನ ತುಂಬುವ ಮೊದಲೇ. ಅವಳ ಗಂಡ ಮೀನು ಹಿಡಿಯಲು ಹೋದವನು ಮಂಜುಗಡ್ಡೆಯಾಚೆ ಸಿಕ್ಕಿಕೊಂಡಿದ್ದಾನೆ. ಊರಿನ ಒಬ್ಬ ಹೆಂಗಸೂ ನಮ್ಮ ಹೊಸ್ತಿಲು ತುಳಿಯುತ್ತಿಲ್ಲ. ನಾನು ಪಕ್ಕದಲ್ಲಿ ಕೂತರೆ ಅವಳು, "ನನ್ನ ಮಾರಿ ನೋಡಕೋತ ಕುಂದ್ರಬ್ಯಾಡ, ಹೋಗಿ ಬರಿ" ಎಂದು ಗದರುತ್ತಾಳೆ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ರಾಯಚೂರು ಸೀಮೆಯ ಬಿಸಿಲು ಮನುಷ್ಯರು ತಡೆಯುವ ಮಟ್ಟ ಮೀರಿದ ಮೇಲೆ ನಮ್ಮವರು ಈ ದಂಡೆಗೆ ಬಂದರು. ಮೂರು ಕಡೆ ಸಮುದ್ರ, ಮರವೆಂಬುದಿಲ್ಲ, ವರ್ಷದ ಹೆಚ್ಚು ಭಾಗ ಹಿಮ. ಜೋಳವನ್ನು ಗಾಜುಹೊಲದಲ್ಲಿ ಬೆಳೆಯುತ್ತೇವೆ. ಅಂದರೆ ನೆಲದಾಳದ ಬಿಸಿ ತಂದು ಕಾಯಿಸಿದ ಗಾಜಿನ ಮನೆಯೊಳಗೆ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಮ್ಮ ಕಾಲದ್ದೇ. ಉಳಿದಂತೆ ನಮ್ಮ ಬದುಕೆಲ್ಲ ಹಿಮಸಾರಂಗದ ಮೇಲೆ ನಿಂತಿದೆ: ಹೊದೆಯುವ ಚರ್ಮ, ತಿನ್ನುವ ಮಾಂಸ, ಹೊಲಿಯುವ ನರ. ಅವು ಸಾಕಿದ ಪ್ರಾಣಿಗಳಲ್ಲ, ಕಾಡಿನವು. ವರ್ಷಕ್ಕೆ ಎಷ್ಟನ್ನು ಬೇಟೆಯಾಡಬಹುದೆಂದು ಹೇಳುವುದು ನನ್ನ ಕೆಲಸ. ನನ್ನನ್ನು ಹಿಕ್ಕೆಗಾರ್ತಿ ಎನ್ನುತ್ತಾರೆ, ಏಕೆಂದರೆ ಹಿಮದ ಮೇಲೆ ಬಿದ್ದ ಹಿಕ್ಕೆ ತಂದು ಪರೀಕ್ಷಿಸಿ, ಹಿಂಡಿನಲ್ಲಿ ಯಾವ ಹೆಣ್ಣು ಗಬ್ಬವಾಗಿದೆ, ಯಾವುದು ಸೊರಗಿದೆ ಎಂದು ತಿಳಿಯುವವಳು ನಾನು. ಮಕ್ಕಳು ನನ್ನನ್ನು ಕಂಡರೆ ಮೂಗು ಹಿಡಿದುಕೊಂಡು ಅಣಕಿಸುತ್ತವೆ. ನಾನೂ ಅವುಗಳ ಕೆನ್ನೆಗೆ ಕೈ ಒರೆಸಲು ಹೋಗುತ್ತೇನೆ.

ಈ ಪ್ರಾಣಿಯಲ್ಲಿ ಹೆಣ್ಣಿಗೂ ಕೊಂಬಿದೆ. ಬೆದೆಗಾಲ ಮುಗಿದ ಮೇಲೆ ಗಂಡು ಕೊಂಬು ಉದುರಿಸಿಕೊಂಡು ಬೋಳಾಗುತ್ತದೆ. ಗಬ್ಬವಾದ ಹೆಣ್ಣು ಮಾತ್ರ ಈಯುವವರೆಗೂ ಕೊಂಬು ಹೊತ್ತಿರುತ್ತದೆ, ಹಿಮ ಕೆದರಿ ತೋಡಿದ ಗುಂಡಿಯಿಂದ ದಾಂಡಿಗ ಗಂಡುಗಳನ್ನೂ ತಿವಿದು ಓಡಿಸಿ ತಾನು ಮೇಯುತ್ತದೆ. ಆದ್ದರಿಂದ ಚಳಿಗಾಲದ ಕೊನೆಗೆ ಕೊಂಬಿರುವುದೆಲ್ಲ ಬಸುರಿಯೆಂದೇ ನಾವು ತಿಳಿಯುತ್ತೇವೆ, ಅವನ್ನು ಕೊಂಬವ್ವ ಎಂದು ಕರೆಯುತ್ತೇವೆ. ಹಿಮದಡಿಯಲ್ಲಿ ಅವು ಮೇಯುವುದು ಕಲ್ಲುಹೂವನ್ನು, ನಿಮ್ಮ ಮಸಾಲೆ ಡಬ್ಬಿಯಲ್ಲಿದ್ದದ್ದರ ಬಳಗವೇ. ಅದು ಬೆರಳುದ್ದ ಬೆಳೆಯಲು ಹತ್ತಿಪ್ಪತ್ತು ವರ್ಷ ಹಿಡಿಯುತ್ತದೆ. ಮೇವು ಕಡಿಮೆಯಾದ ವರ್ಷ ಮೈಯಲ್ಲಿ ಕೊಬ್ಬಿಲ್ಲದ ಹೆಣ್ಣು ಬೆದೆಗೇ ಬರುವುದಿಲ್ಲ, ಬಂದರೂ ಕೆಲವು ಕಂದು ಹಾಕುತ್ತವೆ, ಅಂದರೆ ದಿನ ತುಂಬುವ ಮೊದಲೇ ಬಸಿರು ಕಳೆದುಕೊಳ್ಳುತ್ತವೆ. ಕೇಳುವುದಕ್ಕೆ ಕಷ್ಟವಾಗುತ್ತದೆ. ಆದರೆ ಮೇಯುವ ಬಾಯಿಗಳು ಕಡಿಮೆಯಾದ ಆ ವರ್ಷಗಳಲ್ಲೇ ಕಲ್ಲುಹೂ ಚೇತರಿಸಿಕೊಳ್ಳುತ್ತದೆ.

ನಮ್ಮ ಮುತ್ತಜ್ಜಿಯರಿಗೆ ಇದು ತಿಳಿಯಲಿಲ್ಲ. ದಕ್ಷಿಣದಿಂದ ತಂದ ಒಂದು ರೂಢಿಯನ್ನು ಅವರು ಇಲ್ಲಿ ಇನ್ನಷ್ಟು ಬಿಗಿಗೊಳಿಸಿದ್ದರು: ಬಸುರಿಗೆ ಬಯಕೆ ಊಟ ಬಡಿಸುವ ದಿನ ಬಾಗಿಲಿಗೆ ಇನ್ನೊಬ್ಬ ಬಸುರಿ ಬಂದರೆ ಮೊದಲು ಅವಳು ಉಣ್ಣಬೇಕು, ಆಮೇಲೆ ಮನೆಯವಳು. ಬೇಲಿಯ ಬಳಿ ಬಂದು ನಿಂತ ಕೊಂಬವ್ವಗಳನ್ನು ಕಂಡು ಅವರ ಕರುಳು ಚುರುಕ್ ಎಂದಿತು. ಪ್ರತಿ ಚಳಿಗಾಲ ಗಾಜುಹೊಲದ ಕಣಿಕೆ, ಅಂದರೆ ಜೋಳದ ಒಣ ದಂಟು, ಹಾಕಿದರು. ಎಲ್ಲ ಹೆಣ್ಣೂ ಉಳಿದವು, ಎಲ್ಲವೂ ಬೆದೆಗೆ ಬಂದವು, ವರ್ಷವರ್ಷವೂ ಈದವು. ಹಿಂಡು ಬೆಳೆದು ಬೆಳೆದು ಕಲ್ಲುಹೂವೆಲ್ಲ ಸವೆದು ಬರೀ ಬಂಡೆ ಉಳಿಯಿತು. ಆಮೇಲೆ ಬಂದ ಒಂದು ಕೆಟ್ಟ ಚಳಿಗಾಲದಲ್ಲಿ ಹಿಂಡಿಗೆ ಹಿಂಡೇ ನೆಲಕಚ್ಚಿತು, ಅದರ ಹಿಂದೆ ಊರಿನ ಮಕ್ಕಳೂ ಹಸಿವಿನಿಂದ ಹೋದವು. ಅಂದಿನಿಂದ ಬೇಲಿಯಾಚೆಗೆ ಮೇವು ಹಾಕುವಂತಿಲ್ಲ ಎಂಬ ಕಟ್ಟಳೆಯಾಯಿತು. ಕಟ್ಟಳೆ ಬಂತೇ ಹೊರತು ಕರುಳು ಬದಲಾಗಲಿಲ್ಲ.

ಈ ವರ್ಷ ಕನ್ನಡಿಮಳೆ ಬಿತ್ತು. ಚಳಿಗಾಲದಲ್ಲೇ ಗಾಳಿ ಬೆಚ್ಚಗಾಗಿ ಹಿಮದ ಮೇಲೆ ಮಳೆ ಸುರಿದು, ಅದು ಗಾಜಿನಂತೆ ಹೆಪ್ಪುಗಟ್ಟುವುದಕ್ಕೆ ನಮ್ಮಲ್ಲಿ ಆ ಹೆಸರು. ಎಷ್ಟು ಕೆರೆದರೂ ಗೊರಸು ಕೆಳಗಿನ ಮೇವನ್ನು ಮುಟ್ಟುವುದಿಲ್ಲ. ಗಾಳಿಗುಡ್ಡದ ನೆತ್ತಿಯಲ್ಲಿ ಗಾಳಿಯ ಹೊಡೆತಕ್ಕೆ ಹಿಮ ನಿಲ್ಲುವುದೇ ಇಲ್ಲವಾದ್ದರಿಂದ ಅಲ್ಲಿ ಕಲ್ಲುಹೂ ಸಿಗುತ್ತದೆ, ಹಿಂಡು ಅಲ್ಲಿಗೆ ಹೋಗಬೇಕಿತ್ತು. ಆದರೆ ನಮ್ಮ ಕಣಿಕೆಯ ವಾಸನೆ ಹಿಡಿದು ಕೊಂಬವ್ವಗಳು ಊರ ಬೇಲಿಗೆ ಬಂದು ನಿಂತವು. ಪಕ್ಕೆಲುಬು ಎಣಿಸುವಂತಿದ್ದವು. ಅವು ಬಂದದ್ದು ಹುಲಿಗೆವ್ವನ ಬಯಕೆ ಊಟದ ದಿನವೇ. ಸೂಲಗಿತ್ತಿ ಫಕೀರವ್ವ ತುಂಬಿದ ಮನೆಯಲ್ಲಿ ನನ್ನನ್ನು ನಿಲ್ಲಿಸಿ, "ಬಸರಿ ಬಾಗಲಿಗೆ ಬಂದು ನಿಂತಾಳ, ಹಸದ ಹೋಗಂತ ಹ್ಯಾಂಗ ಹೇಳ್ತೀ ಅಮರಕ್ಕಾ? ನಿನ್ನ ಮಗಳೂ ಬಸರಿ ಅದಾಳ, ನೆನಪಿರ್ಲಿ" ಎಂದಳು. ಹುಲಿಗೆವ್ವನಿಗೆ ಹಿಂದೆ ಒಂದು ಬಸಿರು ಉಳಿದಿರಲಿಲ್ಲ. ಆ ಮಾತು ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಅಕಿ ಉಣ್ಣಲಾರದ ನಾ ಹ್ಯಾಂಗ ಉಣ್ಣಲಿ ಯವ್ವಾ?" ಎಂದಳು. ನನಗೆ ಫಕೀರವ್ವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಮಗಳ ಮೇಲೂ.

ಯಾರೂ ಕಟ್ಟಳೆ ಮುರಿಯದಂತೆ ನೋಡಿಕೊಳ್ಳಿ ಎಂದು ಹೇಳಲು ನಾನು ಊರ ಹಿರಿಯ ಮೌನೇಶಪ್ಪನವರ ಹತ್ತಿರ ಹೋಗಿ ಬರುವಷ್ಟರಲ್ಲಿ ಅವಳು ಬಯಕೆ ಊಟದ ಜೋಳದ ಕಡುಬನ್ನೆಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಬೇಲಿಯಾಚೆ ಸುರಿದಿದ್ದಳು. ಒಂದು ಕೊಂಬವ್ವ ಉಳಿದವನ್ನು ತಿವಿದು ಓಡಿಸಿ, ಅಷ್ಟನ್ನೂ ತಾನೇ ಗಬಗಬನೆ ತಿಂದಿತು. ಕಲ್ಲುಹೂವಿಗೆ ಒಗ್ಗಿದ, ಬಹಳ ದಿನ ಬರಿದಾಗಿದ್ದ ಹೊಟ್ಟೆಗೆ ಹಿಟ್ಟಿನ ಊಟ ವಿಷ. ಮರುದಿನ ಅದು ಹೊಟ್ಟೆ ಉಬ್ಬರಿಸಿಕೊಂಡು ಬೇಲಿಯ ಬುಡದಲ್ಲೇ ಸತ್ತುಬಿದ್ದಿತ್ತು, ತಲೆಯ ಮೇಲೆ ಕೊಂಬು ಹಾಗೆಯೇ ಇತ್ತು. ಊರವರು ಚಳಿಗೆ ಸತ್ತಿತು ಎಂದರು. ಹುಲಿಗೆವ್ವ ನನ್ನನ್ನೇ ನೋಡಿದಳು. "ನಾನ ಕೊಂದೆ ಏನು?" ಎಂದು ಕೇಳಿದಳು. ಬಸುರಿಗೆ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಬೇರೆ ಹೆಂಗಸರೂ ಬುಟ್ಟಿ ತುಂಬಿಕೊಂಡು ಬರುತ್ತಿದ್ದರು. "ಹೌದವಾ. ನಿನ್ನ ಕಡುಬು ಕೊಂದೈತಿ" ಎಂದೆ. ಅವಳು ಹಿಮದ ಮೇಲೆಯೇ ಕೂತಳು, ನಾನೂ ಕೂತೆ. ಕಡುಬು ಹಾಕಿದರೆ ಹೀಗೆ ಸಾಯುತ್ತವೆ, ಕಣಿಕೆ ಹಾಕಿ ಉಳಿಸಿದರೆ ಮುಂದಿನ ವರ್ಷ ಮೇವಿಲ್ಲದೆ ಹಿಂಡೇ ಸಾಯುತ್ತದೆ, ಉಳಿದಿರುವುದು ಗುಡ್ಡ ಒಂದೇ ಎಂದು ಹೇಳಿದೆ. ಹೋಗುವ ದಾರಿಯಲ್ಲಿ ಕೆಲವು ಬೀಳುತ್ತವೆ, ಹಲವು ಕಂದು ಹಾಕುತ್ತವೆ ಎಂಬುದನ್ನೂ ಮುಚ್ಚಿಡಲಿಲ್ಲ.

ಅವಳು ಎದ್ದು ಬುಟ್ಟಿ ಎಸೆದಳು. ಯಾರದೋ ಕೈಯಿಂದ ತಾಟು, ಸೌಟು ಕಿತ್ತುಕೊಂಡು, ಬೇಲಿಯ ಗೇಟು ದಾಟಿ, ತಾಟು ಬಡಿಯುತ್ತಾ ಹಿಂಡಿನ ಮೇಲೆ ನುಗ್ಗಿದಳು. ಕೊಂಬವ್ವಗಳು ಒಮ್ಮೆಗೇ ಹೋಗಲಿಲ್ಲ. ಒಂದು ಹೆಣ್ಣು ತಿರುಗಿ ನಿಂತು ಕೊಂಬು ತಗ್ಗಿಸಿತು, ಇವಳೂ ತನ್ನ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಳು. "ಬಸರಿ ಬಸರೀನ ಓಡಸಾಕ ಹತ್ಯಾಳ! ಇಕೀ ಬಾಣಂತನಕ್ಕ ಯಾರೂ ಹೋಗಬ್ಯಾಡ್ರಿ!" ಎಂದು ಬೇಲಿಯ ಈಚೆಯಿಂದ ಫಕೀರವ್ವ ಕೂಗಿದಳು. ಹುಲಿಗೆವ್ವ ಅಳುತ್ತಾ ಬಡಿಯುತ್ತಲೇ ಇದ್ದಳು. "ಹೋಗ್ರೆವಾ, ಇಲ್ಲಿ ಏನಿಲ್ಲ, ಗುಡ್ಡಕ್ಕ ಹೋಗ್ರಿ" ಎನ್ನುತ್ತಿದ್ದಳು. ಕೊನೆಗೆ ಹಿಂಡು ಗಾಳಿಗುಡ್ಡದ ಕಡೆ ತಿರುಗಿತು. ಮನೆಗೆ ಬಂದವಳು ತಟ್ಟೆ ಹಾಕಿಸಿಕೊಂಡು ಉಂಡಳು. ಸ್ವಲ್ಪ ಹೊತ್ತಿನಲ್ಲೇ ನೋವು ಕಾಣಿಸಿಕೊಂಡಿತು.

ಇಷ್ಟು ಬರೆಯುವಾಗ ಬಾಗಿಲು ತೆರೆದುಕೊಂಡಿತು. ಮೈಮೇಲೆಲ್ಲ ಹಿಮ ಬಿದ್ದ ಫಕೀರವ್ವ ಒಳಗೆ ಬಂದಳು. ನನ್ನ ಮುಖ ನೋಡಲಿಲ್ಲ. "ನೀರು ಕಾಸೀ ಏನು? ಬರಕೋತ ಕುಂತಾಳ ನೋಡು. ಸರಿ ಅತ್ತಾಗ" ಎಂದು ತೋಳೇರಿಸಿಕೊಂಡು ಒಳಕೋಣೆಗೆ ಹೋದಳು. ಅವಳ ಕಾಲು ಹಿಡಿಯಬೇಕೆನ್ನಿಸಿತು, ಒಂದು ಏಟು ಹಾಕಬೇಕೆಂದೂ ಅನ್ನಿಸಿತು. ಎರಡಕ್ಕೂ ಈಗ ಪುರುಸೊತ್ತಿಲ್ಲ.

ಹಿರಿಯರೇ, ಗುಡ್ಡದ ಮೇಲೆ ಎಷ್ಟು ಕರು ಹುಟ್ಟುತ್ತವೆಂದು ನನಗೆ ತಿಳಿಯದು. ನಾವು ಮಾಡಿದ್ದು ಸರಿಯೋ ತಪ್ಪೋ ಎಂಬುದು ಹಿಮ ಕರಗಿದ ಮೇಲೆ ಗೊತ್ತಾಗುತ್ತದೆ. ನಿಮ್ಮಲ್ಲಿ ಒಂದು ಬೇಡಿಕೆ ಇದೆ. ಕನ್ನಡಿಮಳೆ ನಿಮ್ಮ ಕಾಲದಲ್ಲಿ ಇನ್ನೂ ಅಪರೂಪ. ನೀವು ಬಿಸಿಲ ನಾಡಿನವರು, ಸ್ವಲ್ಪ ಥಂಡಿ ಬಿದ್ದರೂ ಕಿವಿಗೆ ಮಫ್ಲರ್ ಸುತ್ತಿಕೊಳ್ಳುವವರು, ದೂರದ ಹಿಮದ ಗೊಡವೆ ನಮಗೇಕೆ ಎನ್ನಬಹುದು. ಹಾಗೆನ್ನಬೇಡಿ. ಚಳಿಗಾಲ ಚಳಿಗಾಲವಾಗಿಯೇ ಇರುವಂತೆ ನೋಡಿಕೊಳ್ಳಿ. ಫಕೀರವ್ವ ನನ್ನನ್ನು ಕೂಗುತ್ತಿದ್ದಾಳೆ, ತಲೆ ಕಾಣಿಸುತ್ತಿದೆಯಂತೆ. ನಿಮ್ಮ ವಂಶದ್ದೇ ಕೂಸು, ಆದರೆ ಇದರ ತವರು ಈ ಚಳಿ.