ಮಾಳಿಗೆ ಕೋಣೆಯ ಹಾಸಿಗೆ

ಬ್ಲ್ಯಾಕ್‌ಪೂಲ್
೯ ಮಾರ್ಚ್ ೧೯೪೧, ಭಾನುವಾರ

ವಿಲ್ಫ್ರೆಡ್‌ಗೆ,

ನೀನು ಮನೆ ಬಿಟ್ಟು ಬರ್ನ್‌ಲಿಯಲ್ಲಿರುವ ನಿನ್ನ ತಂಗಿಯ ಮನೆ ಸೇರಿದ ಮೇಲೆ ಇದೇ ನನ್ನ ಮೊದಲ ಕಾಗದ. ಬೇಸರ ತಡೆಯಲಾರದೆ ಬರೆಯುತ್ತಿದ್ದಾಳೆಂದು ಬೀಗಬೇಡ. ನಿನ್ನಿಂದ ಒಂದು ಕೆಲಸ ಆಗಬೇಕಿದೆ.

ಊರು ಈಗ ನಿನಗೆ ಗುರುತೇ ಸಿಗಲಾರದು. ಮಕ್ಕಳು ಕತ್ತೆ ಸವಾರಿ ಮಾಡುತ್ತಿದ್ದ ಕಡಲತೀರದ ಮರಳಿನ ಮೇಲೆ ವಾಯುಪಡೆಯ ಹುಡುಗರ ಕವಾಯತು. ನಾವಿಬ್ಬರೂ ಕುಣಿಯುತ್ತಿದ್ದ ಸಭಾಂಗಣದಲ್ಲಿ ಅವರಿಗೆ ಕಟಕಟ ಕುಟ್ಟಿ ಸುದ್ದಿ ಕಳಿಸುವ ತಂತಿ ಸಂಕೇತದ ಪಾಠ. ನಮ್ಮ ವಸತಿಗೃಹದಲ್ಲೂ ಒಂದು ಡಜನ್ ಹುಡುಗರನ್ನು ಇಳಿಸಿದ್ದಾರೆ. ಊಟಕ್ಕೆ ಕೂತರೂ ಚಮಚದಲ್ಲಿ ಮೇಜು ಕುಟ್ಟುತ್ತಾರೆ. "ಏನ್ರೋ ಅದು?" ಎಂದರೆ, "ಗಂಜಿ ಸೀದಿದೆ ಅಂತ ಆ ತುದಿಗೆ ತಂತಿ ಕಳಿಸ್ತಿದೀನಿ, ಅಮ್ಮಾ" ಎನ್ನುತ್ತಾನೆ ಕ್ಲಿಫರ್ಡ್ ಎಂಬ ತರಲೆ. ಕಲಿಕೆ ಮುಗಿದರೆ ಅವನೂ ಹೊರಟ. ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಹೊಸ ಮುಖಗಳು. ಮನೆ ತುಂಬ ಜನ, ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿಲ್ಲ.

ಸರಿ, ಕೆಲಸದ ಮಾತು. ಹುಡುಗರಿಗೆ ಜಾಗ ಗೊತ್ತುಮಾಡುವ ಅಧಿಕಾರಿ ಬಂದಿದ್ದ. ಮಾಳಿಗೆಯ ನಮ್ಮ ಕೋಣೆ ಖಾಲಿ ಇರುವುದನ್ನು ಕಂಡು ಇನ್ನಿಬ್ಬರನ್ನು ತುಂಬಲು ಹೊರಟ. "ಅದು ಸೋರುತ್ತೆ ಸಾಹೇಬ್ರೆ" ಎಂದೆ. "ಎಲ್ಲಮ್ಮಾ? ಒಂದ್ ಹನಿ ಕಲೇನೂ ಇಲ್ವಲ್ಲ!" ಎಂದ. "ನಮ್ಮ ಯಜಮಾನ್ರು ಮಲಗೋದು ಅಲ್ಲಿ" ಎಂದುಬಿಟ್ಟೆ. ಶನಿವಾರ ಬಂದು ನಿನ್ನನ್ನು ಕಣ್ಣಾರೆ ನೋಡುತ್ತಾನಂತೆ. ನೀನಿಲ್ಲದಿದ್ದರೆ ಕೋಣೆ ಹೋಯಿತು.

ನಗುತ್ತಿದ್ದೀಯೆಂದು ಗೊತ್ತು. ಬೇಸಿಗೆ ಬೇಸಿಗೆಯೂ ಆ ಹಾಸಿಗೆಯನ್ನು ಪ್ರವಾಸಿಗರಿಗೆ ಕೊಟ್ಟು ನಿನ್ನನ್ನು ಅಡುಗೆಮನೆಯ ಬೆಂಚಿನ ಮೇಲೆ ಮಲಗಿಸಿದವಳು ನಾನೇ. ಈ ಊರಲ್ಲಿ ಯಾವ ಮನೆಯೊಡತಿ ಹಾಗೆ ಮಾಡಿಲ್ಲ, ಹೇಳು? "ಬಾಡಿಗೆ ಕೊಟ್ಟೋರಿಗೆ ಜಾಗ ಇದೆ, ಗಂಡನಿಗೆ ಮಾತ್ರ ಇಲ್ಲ" ಎಂದು ನೀನು ಪೆಟ್ಟಿಗೆ ಎತ್ತಿಕೊಂಡು ಹೋದೆ. ಅಂದಿನಿಂದ ಆ ಹಾಸಿಗೆಯನ್ನು ಯಾರಿಗೂ ಕೊಟ್ಟಿಲ್ಲ. ವಾರವಾರವೂ ಮೇಲುಹಾಸು ಒಗೆದು ಹಾಸುತ್ತೇನೆ.

ಶನಿವಾರ ಬೆಳಗಿನ ರೈಲಿಗೆ ಬಾ. ಅಧಿಕಾರಿ ಹೋದ ಮೇಲೆ ಇರುವುದು, ಬಿಡುವುದು ನಿನ್ನಿಷ್ಟ.

ನಿನ್ನ ಹಟಮಾರಿ,
ಎಡ್ನಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಆ ಹಾಸಿಗೆಯಲ್ಲಿ ನಾನೂ ಮಲಗುತ್ತಿಲ್ಲ. ನಿನ್ನ ಬೆಂಚಿನ ಮೇಲೇ ಮಲಗುತ್ತೇನೆ. ಬೆನ್ನು ಬಹಳ ನೋಯುತ್ತದೆ, ವಿಲ್ಫ್. ಶನಿವಾರ ಯಾವ ಅಧಿಕಾರಿಯೂ ಬರುವುದಿಲ್ಲ. ನನ್ನ ಮಾತು ನಂಬಿ ಆವತ್ತೇ ಅವನು ಕೋಣೆಯ ಆಸೆ ಬಿಟ್ಟು ಹೋದ. ಆದರೂ ಬಾ.